ಫಿಲ್‌ಮೋರಿನ ಮೂರನೆಯ ರಾತ್ರಿ

ಕಚೇರಿಗೆಂದು ಗೊತ್ತಾದ ದಿವಸ ಬೆಳಗ್ಗೆ ವಿದ್ವಾಂಸರಿಗೆ ದೇಹಸ್ಥಿತಿ ಕೆಟ್ಟಿತೆಂದರೆ ಏರ್ಪಡಿಸಿದವರ ಪಾಡು ಹೇಳತೀರದು. ಚಪ್ಪರ ಎದ್ದಿರುತ್ತದೆ, ಚೀಟಿಗಳು ಮಾರಿಹೋಗಿರುತ್ತವೆ, ಊರೂರುಗಳಿಂದ ರಸಿಕರು ಗಾಡಿ ಹತ್ತಿರುತ್ತಾರೆ. ಕಚೇರಿಯನ್ನು ನಿಲ್ಲಿಸಿದರೆ ಅಪಕೀರ್ತಿ, ಸಿಕ್ಕಿದವರನ್ನು ಕೂರಿಸಿದರೆ ಅಪಹಾಸ್ಯ. ಇಂಥ ಧರ್ಮಸಂಕಟವು ಅಮೆರಿಕಾ ದೇಶದ ಪಶ್ಚಿಮ ತೀರದಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 1968ನೆಯ ಇಸವಿ ಸಪ್ಟೆಂಬರು 28ನೆಯ ತಾರೀಖು ಶನಿವಾರ ಆಲ್ ಕೂಪರ್ ಎಂಬ ಇಪ್ಪತ್ತನಾಲ್ಕು ವರ್ಷದ ವಾದ್ಯಗಾರನಿಗೆ ಒದಗಿತು. ಅವನ ಜೊತೆಗಾರನಾದ ಮೈಕ್ ಬ್ಲೂಮ್‌ಫೀಲ್ಡನು ಎರಡು ರಾತ್ರಿ ಗಿಟಾರು ಬಾರಿಸಿ, ಮೂರನೆಯ ದಿನ ಆಸ್ಪತ್ರೆಯಲ್ಲಿ ಮಲಗಿದ್ದನು. ಅವನಿಗೆ ಜ್ವರವಿರಲಿಲ್ಲ, ಗಾಯವಾಗಿರಲಿಲ್ಲ. ಅವನಿಗಿದ್ದ ರೋಗವು ನಿದ್ದೆ ಬಾರದ ರೋಗ. ವೈದ್ಯರು ಔಷಧದಿಂದ ಅವನನ್ನು ನಿದ್ದೆಗೊಳಪಡಿಸಬೇಕಾಗಿತ್ತು. ಈ ಕಡೆ ರಾತ್ರಿಯ ಕಚೇರಿಗೆ ಫಿಲ್‌ಮೋರ್ ವೆಸ್ಟ್ ಎಂಬ ಸಭಾಮಂದಿರವು ಸಿದ್ಧವಾಗಿತ್ತು. ಧ್ವನಿಮುದ್ರಣದ ಯಂತ್ರಗಳೂ ಅಲ್ಲಿಗೆ ಬಂದಿದ್ದವು.

ಆ ಮೂರು ರಾತ್ರಿಗಳ ಸಂಗೀತವು ಮಾರನೆಯ ವರ್ಷ, ಎಂದರೆ 1969ರ ಆದಿಭಾಗದಲ್ಲಿ, ‘ದಿ ಲೈವ್ ಅಡ್ವೆಂಚರ್ಸ್ ಆಫ್ ಮೈಕ್ ಬ್ಲೂಮ್‌ಫೀಲ್ಡ್ ಅಂಡ್ ಆಲ್ ಕೂಪರ್’ ಎಂಬ ಹೆಸರಿನಿಂದ ಎರಡು ತಟ್ಟೆಗಳಲ್ಲಿ ಹೊರಬಿದ್ದಿತು. ಬ್ಲೂಸ್ ಸಂಗೀತವನ್ನೂ ಅದರ ಸಂತತಿಯಾದ ರಾಕ್ ಸಂಗೀತವನ್ನೂ ಕೂಡಿಸಿ, ಸಭಿಕರ ಎದುರಿನಲ್ಲಿಯೇ ಮುದ್ರಿಸಿ, ಅತಿಥಿ ವಾದಕರನ್ನು ಸೇರಿಸಿಕೊಂಡು ಹೊರತಂದ ಧ್ವನಿಮುದ್ರಿಕೆಗಳು ಅನಂತರ ನೂರಾರು ಬಂದವು. ಆದರೆ ಅತಿಥಿಗಳನ್ನು ಕರೆಸಿದುದು ಶೋಭೆಗಾಗಿಯಲ್ಲ, ಆತಿಥೇಯನೇ ಹಾಸಿಗೆ ಹಿಡಿದುದರಿಂದ ಎಂಬ ಕಥೆಯುಳ್ಳವು ಅವುಗಳಲ್ಲಿ ಬಹಳವಿಲ್ಲ. ಆದುದರಿಂದ ಇದರ ವೃತ್ತಾಂತವನ್ನು ಕೊಂಚ ಹಿಂದಿನಿಂದ ಹೇಳಬೇಕಾಗುತ್ತದೆ.

ಬ್ಲೂಸ್ ಎಂಬುದು ಅಮೆರಿಕಾದ ದಕ್ಷಿಣ ಸಂಸ್ಥಾನಗಳಲ್ಲಿ ಹತ್ತಿಯ ಹೊಲಗಳ ನಡುವೆ ಬಾಳಿದ ಕಪ್ಪು ಜನರ ಹಾಡು. ಅವರ ಪೂರ್ವಿಕರನ್ನು ಆಫ್ರಿಕಾ ಖಂಡದಿಂದ ಹಿಡಿದು ತಂದು ಗುಲಾಮರನ್ನಾಗಿ ಮಾರಿದ್ದರು. ಗುಲಾಮಗಿರಿಯು ಕಾನೂನಿನಲ್ಲಿ ತೊಲಗಿದ ಮೇಲೆಯೂ ಬಡತನವೂ ಅವಮಾನವೂ ತೊಲಗಲಿಲ್ಲ. ಈ ಹಾಡಿನ ಕಟ್ಟು ಬಹು ಸರಳವಾದುದು. ಹನ್ನೆರಡು ಅಳತೆಗಳ ಒಂದು ಸುತ್ತು. ಅದರಲ್ಲಿ ಮೂರು ಸ್ವರಮೇಳಗಳು. ಮೊದಲನೆಯ ಸಾಲನ್ನು ಎರಡು ಸಲ ಹೇಳಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು. ಇಷ್ಟೇ. ಇದರ ಜೀವವಿರುವುದು ಕಟ್ಟಿನಲ್ಲಿ ಅಲ್ಲ, ಸ್ವರವನ್ನು ನಡೆಸುವ ರೀತಿಯಲ್ಲಿ. ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು, ಪಿಯಾನೋದ ಎರಡು ಮೆಟ್ಟಲುಗಳ ನಡುವೆ ಎಲ್ಲಿಯೂ ಸಿಕ್ಕದ ಒಂದು ಸ್ಥಾನದಲ್ಲಿ ನಾದವನ್ನು ನಿಲ್ಲಿಸುವುದು ಇವರ ಪದ್ಧತಿ. ವೀಣೆಯ ಎಳೆತವನ್ನು ಬಲ್ಲ ಕಿವಿಗೆ ಇದು ತೀರ ಅಪರಿಚಿತವೆನಿಸದು.

ಎರಡು ಮಹಾಯುದ್ಧಗಳ ಕಾಲದಲ್ಲಿ ಲಕ್ಷಾಂತರ ಕಪ್ಪು ಜನರು ದಕ್ಷಿಣವನ್ನು ಬಿಟ್ಟು ಉತ್ತರದ ಕಾರಖಾನೆಯ ಪಟ್ಟಣಗಳಿಗೆ ಗುಳೆ ಹೋದರು. ಮಿಸಿಸಿಪ್ಪಿಯ ಹೊಲಗೆಲಸವನ್ನು ಬಿಟ್ಟು 1943ರಲ್ಲಿ ಚಿಕಾಗೋ ಸೇರಿದ ಮಡ್ಡಿ ವಾಟರ್ಸ್ ಎಂಬವನು ಅಲ್ಲಿನ ಪಾನಗೃಹಗಳ ಗದ್ದಲವನ್ನು ಮೀರುವುದಕ್ಕಾಗಿ ತನ್ನ ಗಿಟಾರಿಗೆ ವಿದ್ಯುತ್ತನ್ನು ಜೋಡಿಸಿದನು. ಚಿಕಾಗೋ ಬ್ಲೂಸ್ ಹುಟ್ಟಿದುದು ಹೀಗೆ. ಅದೇ 1943ರ ಜುಲೈ 28ರಂದು ಅದೇ ಚಿಕಾಗೋ ನಗರದಲ್ಲಿ, ಪಟ್ಟಣದ ಇನ್ನೊಂದು ಮಗ್ಗುಲಿನ ಸಿರಿವಂತ ಯಹೂದಿ ಮನೆತನದಲ್ಲಿ ಮೈಕ್ ಬ್ಲೂಮ್‌ಫೀಲ್ಡನು ಹುಟ್ಟಿದನು. ತಂದೆಯ ವ್ಯಾಪಾರವು ಹೋಟೆಲುಗಳಿಗೆ ಬೇಕಾದ ಸಾಮಾನುಗಳನ್ನು ತಯಾರಿಸುವುದು. ಊಟದ ಮೇಜಿನ ಮೇಲಿಡುವ ಉಪ್ಪಿನ ಬುಡ್ಡಿ, ಸಕ್ಕರೆಯ ಡಬ್ಬಿ ಇಂಥವು. ಮಗನಿಗೆ ಇದರಲ್ಲಿ ಎಳ್ಳಷ್ಟೂ ಆಸ್ಥೆಯಿರಲಿಲ್ಲ. ಎಡಗೈಯವನಾದರೂ ಬಲಗೈಯಿಂದ ಗಿಟಾರು ಕಲಿತು, ಹದಿಹರೆಯದಲ್ಲಿಯೇ ದಕ್ಷಿಣ ಚಿಕಾಗೋದ ಕಪ್ಪು ಜನರ ಪಾನಗೃಹಗಳಿಗೆ ಹೋಗಿ, ಹಿರಿಯ ವಾದಕರ ಎದುರು ಕುಳಿತು, ಅವರು ಅವಕಾಶ ಕೊಟ್ಟಾಗ ವೇದಿಕೆ ಹತ್ತಿ ಬಾರಿಸುತ್ತಿದ್ದನು. ಜನ ಮರೆತುಬಿಟ್ಟಿದ್ದ ಮುದುಕ ಗಾಯಕರನ್ನು ಹುಡುಕಿ ತಂದು, 1963ರ ಸುಮಾರಿಗೆ ‘ಫಿಕಲ್ ಪಿಕಲ್’ ಎಂಬ ಸಣ್ಣ ಕ್ಲಬ್ಬಿನಲ್ಲಿ ಅವರ ಕಚೇರಿಗಳನ್ನು ಏರ್ಪಡಿಸಿದನು. ಬಿಗ್ ಜೋ ವಿಲಿಯಮ್ಸ್ ಎಂಬ ಹಿರಿಯ ಗಾಯಕನೊಡನೆ ತಾನು ಮಾಡಿದ ಸಹವಾಸವನ್ನು ಕುರಿತು ಅವನು ಮುಂದೆ ಒಂದು ಚಿಕ್ಕ ಪುಸ್ತಕವನ್ನೇ ಬರೆದನು. ಗುರುಕುಲವೆಂಬ ಮಾತನ್ನು ಅವನು ಕೇಳಿರಲಿಕ್ಕಿಲ್ಲ. ಆದರೆ ಅವನು ಮಾಡಿದುದು ಗುರುಕುಲವಾಸವೇ ಸರಿ.

1965ರಲ್ಲಿ ಅವನು ಪಾಲ್ ಬಟರ್‌ಫೀಲ್ಡನ ತಂಡವನ್ನು ಸೇರಿದನು. ಬಟರ್‌ಫೀಲ್ಡನು ಮೌತ್ ಆರ್ಗನ್ ವಾದಕ, ಬಿಳಿಯನು. ಬೇಸು ಗಿಟಾರಿನ ಜೆರೋಮ್ ಆರ್ನಾಲ್ಡ್, ಡ್ರಮ್ಮಿನ ಸ್ಯಾಮ್ ಲೇ ಇವರಿಬ್ಬರೂ ಕಪ್ಪು ಜನರು. ಹೌಲಿನ್ ವುಲ್ಫ್ ಎಂಬ ಮಹಾಗಾಯಕನ ತಂಡದಿಂದ ಬಂದವರು. ಎರಡನೆಯ ಗಿಟಾರಿನವನು ಎಲ್ವಿನ್ ಬಿಷಪ್. ಚಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನು ಓದುವುದಕ್ಕೆಂದು ವಿದ್ಯಾರ್ಥಿವೇತನ ಪಡೆದು ಬಂದು, ಶಾಸ್ತ್ರವನ್ನು ಬಿಟ್ಟು ತಂತಿಯನ್ನು ಹಿಡಿದ ಹಳ್ಳಿಯ ಹುಡುಗ. ಎರಡು ವರ್ಣದವರು ಒಂದೇ ತಂಡದಲ್ಲಿ ಬಾರಿಸುವುದು ಆ ದೇಶದಲ್ಲಿ ಆ ಕಾಲಕ್ಕೆ ಸಾಮಾನ್ಯ ಸಂಗತಿಯಾಗಿರಲಿಲ್ಲ.

ಆ ವರ್ಷ ಜುಲೈ ತಿಂಗಳಿನಲ್ಲಿ ನ್ಯೂಪೋರ್ಟಿನ ಜಾನಪದ ಸಂಗೀತೋತ್ಸವಕ್ಕೆ ಈ ತಂಡವು ಹೋದಾಗ ಒಂದು ತಮಾಷೆ ನಡೆಯಿತು. ತಂಡವನ್ನು ಸಭೆಗೆ ಪರಿಚಯ ಮಾಡಿಕೊಟ್ಟವನು ಆಲನ್ ಲೊಮ್ಯಾಕ್ಸ್. 1941ರಲ್ಲಿ ಮಿಸಿಸಿಪ್ಪಿಗೆ ಹೋಗಿ ಮಡ್ಡಿ ವಾಟರ್ಸನ ಹಾಡನ್ನು ಮೊದಲು ಮುದ್ರಿಸಿಕೊಂಡ ಪಂಡಿತ. ಬಿಳಿಯ ಹುಡುಗರು ಬ್ಲೂಸ್ ಬಾರಿಸಬಲ್ಲರೇ ಎಂಬ ತಾತ್ಸಾರವು ಅವನ ಪರಿಚಯದ ಮಾತಿನಲ್ಲಿ ಇಣುಕಿತು. ವೇದಿಕೆಯಿಂದ ಇಳಿದೊಡನೆ, ತಂಡದ ವ್ಯವಹಾರವನ್ನು ವಹಿಸಿಕೊಳ್ಳಲಿದ್ದ ಆಲ್ಬರ್ಟ್ ಗ್ರಾಸ್‌ಮನ್ ಅವನ ಮೇಲೆ ಬಿದ್ದನು. ದಪ್ಪ ಮೈಯ ಇಬ್ಬರು ದೊಡ್ಡ ಮನುಷ್ಯರೂ ಧೂಳಿನಲ್ಲಿ ಹೊರಳಾಡಿದರು. ಈ ಕಲಹದ ಹಿಂದೆ ಇದ್ದ ಪ್ರಶ್ನೆ ಮಾತ್ರ ತಮಾಷೆಯದಲ್ಲ. ಒಬ್ಬರ ದುಃಖದಿಂದ ಹುಟ್ಟಿದ ಸಂಗೀತವನ್ನು ಆ ದುಃಖವನ್ನು ಅನುಭವಿಸದವರು ಬಾರಿಸುವುದು ಗೌರವವೋ, ಅಪಹರಣವೋ? ಬ್ಲೂಮ್‌ಫೀಲ್ಡನನ್ನು ಈ ಪ್ರಶ್ನೆ ಕೊನೆಯವರೆಗೂ ಬಿಡಲಿಲ್ಲ. 1968ರ ಮೇ ತಿಂಗಳಿನಲ್ಲಿ ಹಿರಿಯ ವಿಮರ್ಶಕನಾದ ರಾಲ್ಫ್ ಗ್ಲೀಸನ್ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಅವನನ್ನು ಹೆಸರಿಸಿ, ಇವನು ಕಪ್ಪು ಜನರಂತೆ ನಟಿಸುತ್ತಿರುವನೆಂದು ಕಟುವಾಗಿ ಆಕ್ಷೇಪಿಸಿದನು. ಸ್ನೇಹಿತನಾದ ನಿಕ್ ಗ್ರಾವೆನೈಟಿಸ್ ಅದೇ ಪತ್ರಿಕೆಯಲ್ಲಿ ಅಷ್ಟೇ ಕಟುವಾಗಿ ಉತ್ತರ ಕೊಟ್ಟನು.

ಗ್ಲೀಸನನ ಆಕ್ಷೇಪಕ್ಕೆ ಉತ್ತರವೆನ್ನಬಹುದಾದ ಒಂದು ಕೃತ್ಯವನ್ನು ಬ್ಲೂಮ್‌ಫೀಲ್ಡನು ಅದಕ್ಕೆ ಮೊದಲೇ ಮಾಡಿಬಿಟ್ಟಿದ್ದನು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಚೇರಿಗಳನ್ನು ನಡೆಸುತ್ತಿದ್ದ ಬಿಲ್ ಗ್ರಾಹಾಮನಿಗೆ, ತನ್ನನ್ನು ಹೊಗಳುವ ಬದಲು ತಾನು ಯಾರಿಂದ ಕಲಿತೆನೋ ಅವರನ್ನು ಕರೆಸಬೇಕೆಂದು ಅವನು ಒತ್ತಾಯ ಮಾಡುತ್ತಿದ್ದನು. ಗ್ರಾಹಾಮನು ಬರ್ಲಿನಿನಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ಬಾಲಕನಾಗಿ ಯೂರೋಪಿನಿಂದ ತಪ್ಪಿಸಿಕೊಂಡು ಬಂದ ಯಹೂದಿ. ವ್ಯವಹಾರದಲ್ಲಿ ಬಿರುಸು, ಸಂಗೀತದಲ್ಲಿ ಮಾತ್ರ ಹೇಳಿದುದನ್ನು ಕೇಳುವ ಗುಣವಿತ್ತು. ಅವನು 1967ರಲ್ಲಿ ಬಿ. ಬಿ. ಕಿಂಗ್ ಎಂಬ ಬ್ಲೂಸ್ ವಿದ್ವಾಂಸನನ್ನು ಫಿಲ್‌ಮೋರ್ ಮಂದಿರಕ್ಕೆ ಕರೆಸಿದನು. ಹಿಂದೆ ಕಪ್ಪು ಸಭಿಕರ ಎದುರಿನಲ್ಲಿ ಅದೇ ಮಂದಿರದಲ್ಲಿ ಹಾಡಿದ್ದ ಕಿಂಗನು, ಬಾಗಿಲಲ್ಲಿ ಉದ್ದ ಕೂದಲಿನ ಬಿಳಿಯ ತರುಣರ ಗುಂಪನ್ನು ಕಂಡು, ದಾರಿ ತಪ್ಪಿ ಬಂದೆನೆಂದೇ ಭಾವಿಸಿದನು. ಅವನು ಒಂದು ಸ್ವರ ನುಡಿಸುವುದಕ್ಕೆ ಮುಂಚೆಯೇ ಆ ಸಭೆ ಎದ್ದು ನಿಂತಿತು. ಕಿಂಗನ ಕಣ್ಣಿನಲ್ಲಿ ನೀರು ಬಂದಿತು.

ಇನ್ನು ಕೂಪರನ ವಿಷಯ. ಅವನು 1944ರ ಫೆಬ್ರವರಿಯಲ್ಲಿ ಬ್ರೂಕ್‌ಲಿನ್ನಿನಲ್ಲಿ ಹುಟ್ಟಿದವನು. 1965ರ ಜೂನ್ 16ರಂದು ಬಾಬ್ ಡಿಲನ್ ನ್ಯೂಯಾರ್ಕಿನಲ್ಲಿ ‘ಲೈಕ್ ಎ ರೋಲಿಂಗ್ ಸ್ಟೋನ್’ ಎಂಬ ಹಾಡನ್ನು ಮುದ್ರಿಸುತ್ತಿದ್ದಾಗ, ನಿರ್ಮಾಪಕನ ಸ್ನೇಹದಿಂದ ನೋಡಲು ಬಂದ ಇವನು ಗಿಟಾರು ಬಾರಿಸುವ ಆಸೆಯಿಂದ ಮುಂಚಿತವಾಗಿಯೇ ಬಂದು ಕುಳಿತಿದ್ದನು. ಅಷ್ಟರಲ್ಲಿ ಡಿಲನ್ನನ ಜೊತೆಗೆ ಬ್ಲೂಮ್‌ಫೀಲ್ಡನು ಬಂದನು. ಹೊರಗೆ ಮಳೆ, ಅವನ ಗಿಟಾರಿಗೆ ಪೆಟ್ಟಿಗೆಯೂ ಇರಲಿಲ್ಲ. ಬಟ್ಟೆಯಿಂದ ತಂತಿಗಳನ್ನು ಒರಸಿ ಬಾರಿಸತೊಡಗಿದನಂತೆ. ಅದನ್ನು ಕೇಳಿದ ಕೂಪರನು ತನ್ನ ಗಿಟಾರನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟು ಎದ್ದುಹೋದುದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಸ್ವಲ್ಪ ಹೊತ್ತಿನಲ್ಲಿ ಆರ್ಗನ್ ವಾದ್ಯದ ಪೀಠವು ತೆರವಾಯಿತು. ಅದನ್ನು ಬಾರಿಸುವುದರಲ್ಲಿ ತನಗೆ ಏನೂ ಪರಿಶ್ರಮವಿಲ್ಲದಿದ್ದರೂ ಅದರ ಮುಂದೆ ಹೋಗಿ ಕುಳಿತನು. ಡಿಲನ್ನನು ಆರ್ಗನ್ನಿನ ಧ್ವನಿಯನ್ನು ಹೆಚ್ಚಿಸಬೇಕೆಂದನು. ಆ ಹಾಡಿನಿಂದ ಆ ಆರ್ಗನ್ನನ್ನು ಬೇರ್ಪಡಿಸಿ ನೆನೆಯಲು ಇಂದು ಯಾರಿಂದಲೂ ಆಗದು. ತೆರವಾದ ಪೀಠವನ್ನು ಕಂಡೊಡನೆ ಅದರಲ್ಲಿ ಕೂರುವ ಈ ಧೈರ್ಯವೇ ಮೂರು ವರ್ಷಗಳ ಮೇಲೆ ಫಿಲ್‌ಮೋರಿನಲ್ಲಿ ಅವನ ಕೈಹಿಡಿಯಿತು.

ಬ್ಲೂಮ್‌ಫೀಲ್ಡನು ಬಟರ್‌ಫೀಲ್ಡನ ತಂಡದಲ್ಲಿದ್ದಾಗ 1966ರಲ್ಲಿ ‘ಈಸ್ಟ್-ವೆಸ್ಟ್’ ಎಂಬ ಹದಿಮೂರು ನಿಮಿಷಗಳ ಒಂದು ಕೃತಿ ಹೊರಬಂದಿತು. ಭಾರತೀಯ ರಾಗಾಲಾಪನೆಯನ್ನು ಕೇಳಿದ ಮೇಲೆ, ಒಂದೇ ಆಧಾರಶ್ರುತಿಯನ್ನು ಹಿಡಿದು, ಸ್ವರಮೇಳಗಳನ್ನು ಬದಲಾಯಿಸದೆ, ವಿಸ್ತಾರವಾಗಿ ಗಿಟಾರಿನಲ್ಲಿ ಸಂಚರಿಸಲು ಅವನು ಅದರಲ್ಲಿ ಯತ್ನಿಸಿದನು. ರಾಗವಾಗಲಿಲ್ಲ, ಆದರೆ ಮೂರು ನಿಮಿಷದ ಹಾಡುಗಳಿಗೆ ಒಗ್ಗಿದ್ದ ಅಮೆರಿಕಾದ ತರುಣರಿಗೆ ದೀರ್ಘವಾದ ಮನೋಧರ್ಮ ಸಂಗೀತದ ರುಚಿಯನ್ನು ಹತ್ತಿಸಿತು. ಮಾರನೆಯ ವರ್ಷ ಅವನು ತಂಡವನ್ನು ಬಿಟ್ಟು ‘ಎಲೆಕ್ಟ್ರಿಕ್ ಫ್ಲಾಗ್’ ಎಂಬ ಸ್ವಂತ ತಂಡವನ್ನು ಕಟ್ಟಿದನು. 1968ರಲ್ಲಿ ಅದನ್ನೂ ಬಿಟ್ಟನು. ಊರೂರು ಸುತ್ತುವ ಕಚೇರಿಗಳು ಅವನಿಗೆ ಆಗುತ್ತಿರಲಿಲ್ಲ. ದಿನಗಟ್ಟಲೆ ನಿದ್ದೆ ಬಾರದು, ಬಂದರೆ ಏಳಲಾಗದು. ಆ ಕಾಲಕ್ಕೆ ಸರಿಯಾಗಿ ಕೂಪರನೂ ತಾನೇ ಸ್ಥಾಪಿಸಿದ ‘ಬ್ಲಡ್, ಸ್ವೆಟ್ ಅಂಡ್ ಟಿಯರ್ಸ್’ ತಂಡದಿಂದ ಹೊರಬಿದ್ದು, ಕೊಲಂಬಿಯಾ ಕಂಪೆನಿಯಲ್ಲಿ ನಿರ್ಮಾಪಕನಾಗಿ ಕೆಲಸಕ್ಕೆ ಸೇರಿದ್ದನು.

ಮನೆ ಕಳೆದುಕೊಂಡ ಇವರಿಬ್ಬರೂ 1968ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸಿನ ಮುದ್ರಣಾಲಯದಲ್ಲಿ ಕೂಡಿದರು. ತಂಡವಿಲ್ಲ, ಅಭ್ಯಾಸವಿಲ್ಲ, ಎರಡು ದಿನ ಬಾರಿಸಿ ಒಂದು ತಟ್ಟೆ ಮಾಡುವುದೆಂದು ಏರ್ಪಾಡು. ಮೊದಲನೆಯ ದಿನ ಬ್ಲೂಮ್‌ಫೀಲ್ಡನು ಬಾರಿಸಿದುದನ್ನು ಅವನ ಜೀವಮಾನದ ಅತ್ಯುತ್ತಮ ವಾದನಗಳಲ್ಲಿ ಎಣಿಸುತ್ತಾರೆ. ಎರಡನೆಯ ದಿನ ಬೆಳಗ್ಗೆ ಅವನ ಕೋಣೆ ಬರಿದಾಗಿತ್ತು. ನಿದ್ದೆ ಬಾರದೆ ಮನೆಗೆ ಹೋದೆನೆಂದು ಒಂದು ಚೀಟಿ ಮಾತ್ರ ಇತ್ತು. ಕೂಪರನು ಫೋನು ಹಿಡಿದು, ಸ್ಟೀವನ್ ಸ್ಟಿಲ್ಸ್ ಎಂಬ ಗಿಟಾರುಗಾರನನ್ನು ಕರೆಸಿ, ಎರಡನೆಯ ಮಗ್ಗುಲನ್ನು ಅವನಿಂದ ತುಂಬಿಸಿದನು. ‘ಸೂಪರ್ ಸೆಷನ್’ ಎಂಬ ಆ ತಟ್ಟೆಯು ಜುಲೈ ತಿಂಗಳಲ್ಲಿ ಹೊರಬಂದು, ಅಮೆರಿಕಾದ ಮಾರಾಟದ ಪಟ್ಟಿಯಲ್ಲಿ 12ನೆಯ ಸ್ಥಾನವನ್ನು ಮುಟ್ಟಿ, ಚಿನ್ನದ ತಟ್ಟೆಯ ಗೌರವವನ್ನು ಗಳಿಸಿತು.

ಲಾಭ ಕಂಡ ಕಂಪೆನಿಯು ಇನ್ನೊಂದನ್ನು ಬಯಸುವುದು ಸಹಜ. ಈ ಸಲ ಸಭಿಕರ ಎದುರಿನಲ್ಲಿಯೇ ಮುದ್ರಿಸುವುದೆಂದು ನಿಶ್ಚಯವಾಯಿತು. ಒಂದು ಸಲ ಕೈಕೊಟ್ಟವನನ್ನು ಮೂರು ರಾತ್ರಿ ಸತತವಾಗಿ ವೇದಿಕೆಗೆ ಒಪ್ಪಿಸುವುದರಲ್ಲಿ ಎಷ್ಟು ವಿವೇಕವಿತ್ತೆಂಬುದನ್ನು ವಾಚಕರೇ ತೂಗಬಹುದು. ಬೇಸು ಗಿಟಾರಿಗೆ ಜಾನ್ ಕಾನ್, ಡ್ರಮ್ಮಿಗೆ ಕೆನಡಾದ ಸ್ಕಿಪ್ ಪ್ರೋಕಪ್ ಇವರು ಗೊತ್ತಾದರು. ಗ್ರಾಹಾಮನು ಆ ವರ್ಷದ ಜುಲೈಯಲ್ಲಿ ಹಳೆಯ ಫಿಲ್‌ಮೋರನ್ನು ಬಿಟ್ಟು, ಮಾರ್ಕೆಟ್ ಬೀದಿಯ ಬಳಿ ಇದ್ದ ಕ್ಯಾರೊಸೆಲ್ ಎಂಬ ನೃತ್ಯಶಾಲೆಯನ್ನು ಹಿಡಿದು, ಅದಕ್ಕೆ ಫಿಲ್‌ಮೋರ್ ವೆಸ್ಟ್ ಎಂದು ಹೆಸರಿಟ್ಟಿದ್ದನು. ಸಪ್ಟೆಂಬರು 26, 27, 28 ಈ ಮೂರು ರಾತ್ರಿಗಳು ನಿಷ್ಕರ್ಷೆಯಾದುವು.

ತಟ್ಟೆಯ ಆರಂಭದಲ್ಲಿ ಬ್ಲೂಮ್‌ಫೀಲ್ಡನ ಒಂದು ಚಿಕ್ಕ ಭಾಷಣವಿದೆ. ತಾವು ಹೇಗೆ ಕೂಡಿದೆವು, ಹಿಂದಿನ ತಟ್ಟೆ ಹೇಗಾಯಿತು ಎಂಬುದನ್ನು ಅವನು ಸಭಿಕರಿಗೆ ಸಲಿಗೆಯಿಂದ ಹೇಳುತ್ತಾನೆ. ಅನಂತರ ಬರುವುದು ಪಾಲ್ ಸೈಮನ್ನನ ‘59ನೆಯ ಬೀದಿಯ ಸೇತುವೆ’ಯ ಹಾಡು. ಮುದ್ರಣವಾದ ಮೇಲೆ ಇದನ್ನು ನ್ಯೂಯಾರ್ಕಿನಲ್ಲಿ ಕೇಳಿದ ಸೈಮನ್ನನು ತಾನೇ ಒಂದು ಜೊತೆಧ್ವನಿಯನ್ನು ಸೇರಿಸಿಕೊಟ್ಟನು. ಹೀಗೆ ಕಚೇರಿಗೆ ಬಾರದ ಒಬ್ಬ ಅತಿಥಿಯೂ ಈ ತಟ್ಟೆಯಲ್ಲಿದ್ದಾನೆ. ‘ದಿ ವೆಯ್ಟ್’ ಎಂಬ ಹಾಡು ‘ದಿ ಬ್ಯಾಂಡ್’ ತಂಡದ ಮೊದಲನೆಯ ತಟ್ಟೆಯಲ್ಲಿ ಹೊರಬಂದು ಆಗಿನ್ನೂ ಮೂರು ತಿಂಗಳು ಸಹ ಆಗಿರಲಿಲ್ಲ. ‘ದಟ್ಸ್ ಆಲ್ ರೈಟ್’ ಎಂಬ ಹಾಡಿನ ಕರ್ತೃ ಆರ್ಥರ್ ಕ್ರೂಡಪ್. 1954ರಲ್ಲಿ ಎಲ್ವಿಸ್ ಪ್ರೆಸ್ಲಿಗೆ ಕೀರ್ತಿಯ ಬಾಗಿಲನ್ನು ತೆರೆದುದು ಇದೇ ಹಾಡು. ಅದನ್ನು ಬರೆದ ಕ್ರೂಡಪನು ಮಾತ್ರ ಕೂಲಿ ಮಾಡಿ ಬದುಕಿ, ತನಗೆ ಸಲ್ಲಬೇಕಾದ ಗೌರವಧನಕ್ಕಾಗಿ ಹೋರಾಡಿ, ಅದು ಕೈಸೇರದೆಯೇ 1974ರಲ್ಲಿ ತೀರಿಕೊಂಡನು. ಗ್ಲೀಸನನೂ ಗ್ರಾವೆನೈಟಿಸನೂ ಬ್ಲೂಸ್ ಬಾರಿಸುವ ಹಕ್ಕು ಯಾರದೆಂದು ಪತ್ರಿಕೆಯಲ್ಲಿ ವಾದಿಸುತ್ತಿದ್ದ ಕಾಲದಲ್ಲಿ ಅದರ ಹಣ ಯಾರದೆಂಬ ಲೆಕ್ಕ ಇನ್ನೂ ತೀರಿರಲಿಲ್ಲ.

ತಟ್ಟೆಯಲ್ಲಿರುವುದೆಲ್ಲವೂ ಒಂದೇ ತೂಕದ್ದಲ್ಲ. ‘ಹರ್ ಹೋಲಿ ಮೋಡಲ್ ಹೈನೆಸ್’ ಎಂಬ ದೀರ್ಘ ವಾದನದಲ್ಲಿ ದಾರಿ ಹುಡುಕುವುದರಲ್ಲಿಯೇ ಬಹಳ ಹೊತ್ತು ಕಳೆದುಹೋಗುತ್ತದೆ. ಅಭ್ಯಾಸ ಸಾಲದೆಂಬುದು ಅಲ್ಲಲ್ಲಿ ಮುಚ್ಚಿಡಲಾಗದಂತೆ ತೋರುತ್ತದೆ. ಆದರೆ ಆಲ್ಬರ್ಟ್ ಕಿಂಗ್‌ನಿಂದ ಪ್ರಸಿದ್ಧವಾದ ‘ಡೋಂಟ್ ಥ್ರೋ ಯುವರ್ ಲವ್ ಆನ್ ಮಿ ಸೋ ಸ್ಟ್ರಾಂಗ್’ ಎಂಬ ವಿಳಂಬಗತಿಯ ಬ್ಲೂಸನ್ನು ಬ್ಲೂಮ್‌ಫೀಲ್ಡನು ಸುಮಾರು ಹನ್ನೊಂದು ನಿಮಿಷ ನಡೆಸುವುದನ್ನು ಕೇಳಿದವರು ಉಳಿದ ದೋಷಗಳನ್ನು ಮರೆಯುತ್ತಾರೆ. ಹಾಡಿನ ಒಂದೊಂದು ಸಾಲು ಮುಗಿದೊಡನೆ ಗಿಟಾರು ಉತ್ತರ ಕೊಡುತ್ತದೆ. ಮೊದಮೊದಲು ಸೌಮ್ಯವಾಗಿ, ಬರುಬರುತ್ತ ಹಟದಿಂದ. ಕಡೆಗೆ ಮಾತು ನಿಂತು ತಂತಿಯೇ ಮುಂದೆ ಹೋಗುತ್ತದೆ. ಎಲ್ಲಿಯೂ ವೇಗದ ಪ್ರದರ್ಶನವಿಲ್ಲ. ಒಂದು ಸ್ವರವನ್ನು ಎಳೆದು, ಅದು ನಡುಗುವವರೆಗೆ ಹಿಡಿದು, ಬಿಟ್ಟುಬಿಡುವುದು; ಅನಂತರ ಸುಮ್ಮನಿರುವುದು. ನಿದ್ದೆಗಾಗಿ ಹಂಬಲಿಸುತ್ತಿದ್ದ ಮನುಷ್ಯನ ಕೈಯಿಂದ ಇಂಥ ನೆಮ್ಮದಿಯ ವಾದನವು ಹೊರಟುದು ವಿಸ್ಮಯದ ಸಂಗತಿ.

ಮೂರನೆಯ ದಿನ ಅವನ ಶರೀರವು ಸೋತಿತು. ಸುದ್ದಿ ತಿಳಿದ ಕೂಪರನು ಲಾಸ್ ಏಂಜಲೀಸಿನಲ್ಲಿ ಮಾಡಿದುದನ್ನೇ ಇಲ್ಲಿಯೂ ಮಾಡಿದನು. ಊರಿನಲ್ಲಿದ್ದ ವಾದಕರಿಗೆ ಫೋನು ಮಾಡತೊಡಗಿದನು. ಹೀಗೆ ಬಂದವರಲ್ಲಿ ಇಬ್ಬರ ನಾದವು ತಟ್ಟೆಯಲ್ಲಿ ಉಳಿದಿದೆ. ಒಬ್ಬನು ಎಲ್ವಿನ್ ಬಿಷಪ್. ಬಟರ್‌ಫೀಲ್ಡನ ತಂಡದಲ್ಲಿ ಬ್ಲೂಮ್‌ಫೀಲ್ಡನ ಕೆಳಗೆ ಎರಡನೆಯ ಗಿಟಾರು ಹಿಡಿದು, ಅವನು ಬಿಟ್ಟುಹೋದ ಮೇಲೆ ಮೊದಲನೆಯ ಸ್ಥಾನಕ್ಕೆ ಬಂದವನು. ಈಗ ಇನ್ನೊಂದು ಸಲ ಅವನ ಸ್ಥಳದಲ್ಲಿ ನಿಂತು ‘ನೋ ಮೋರ್ ಲೋನ್ಲಿ ನೈಟ್ಸ್’ ಎಂಬ ಬ್ಲೂಸನ್ನು ಹಾಡಿ ಬಾರಿಸಿದನು. ಹೆಸರಿನ ಅರ್ಥ ‘ಇನ್ನು ಒಂಟಿ ರಾತ್ರಿಗಳಿಲ್ಲ’ ಎಂದು. ಆ ರಾತ್ರಿ ಆಸ್ಪತ್ರೆಯಲ್ಲಿ ಮಲಗಿದ್ದವನನ್ನು ನೆನೆದರೆ ಆ ಹೆಸರು ಕಿವಿಗೆ ಬೇರೆಯಾಗಿ ಕೇಳುತ್ತದೆ.

ಇನ್ನೊಬ್ಬನಿಗೆ ಆಗ ಇಪ್ಪತ್ತೊಂದು ವರ್ಷ. ಮೆಕ್ಸಿಕೋ ದೇಶದ ಔಟ್ಲಾನ್ ಎಂಬ ಊರಿನಲ್ಲಿ ಪಿಟೀಲು ವಾದಕನ ಮಗನಾಗಿ ಹುಟ್ಟಿ, ಟಿಹುವಾನದ ಪಾನಗೃಹಗಳಲ್ಲಿ ಗಿಟಾರು ಬಾರಿಸಿ, ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಕಾರ್ಲೋಸ್ ಸಾಂಟಾನಾ ಎಂಬವನು. ಇವನಿಗೂ ಬ್ಲೂಮ್‌ಫೀಲ್ಡನಿಗೂ ಹಿಂದಿನ ಒಂದು ಋಣವಿತ್ತು. ಹಳೆಯ ಫಿಲ್‌ಮೋರಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಬಟರ್‌ಫೀಲ್ಡನು ಬಾರಿಸುವ ಸ್ಥಿತಿಯಲ್ಲಿ ಇರಲಿಲ್ಲ. ಬ್ಲೂಮ್‌ಫೀಲ್ಡನೇ ಇದ್ದವರನ್ನು ಕೂಡಿಸಿಕೊಂಡು ಕಚೇರಿಯನ್ನು ನಡೆಸಬೇಕಾಯಿತು. ಸಾಂಟಾನಾನ ಸ್ನೇಹಿತನು ಬಂದು, ಟಿಹುವಾನದಿಂದ ಬಂದ ಒಬ್ಬ ಹುಡುಗನಿದ್ದಾನೆ, ಅವನಿಗೂ ಬಾರಿಸಲು ಅವಕಾಶ ಕೊಡಬಹುದೇ ಎಂದು ಕೇಳಿದನು. ಯಾರೋ ಎತ್ತಲಿಂದಲೋ ಬಂದ ಹುಡುಗನನ್ನು ಅಷ್ಟು ಜನರೆದುರಿಗೆ ವೇದಿಕೆಗೆ ಹತ್ತಿಸುವುದಕ್ಕೆ ಹಿಂಜರಿಯುವುದು ಸಹಜವಾಗಿತ್ತು. ಬ್ಲೂಮ್‌ಫೀಲ್ಡನು ಹಿಂಜರಿಯದೆ ತನ್ನ ಗಿಟಾರನ್ನೇ ಅವನ ಕೈಗೆ ಕೊಡಿಸಿದನು. ಗ್ರಾಹಾಮನು ಅದನ್ನು ಕೇಳಿದನು. ಸಾಂಟಾನಾನ ಭಾಗ್ಯದ ಬಾಗಿಲು ತೆರೆದುದು ಅಂದು. ದಕ್ಷಿಣ ಚಿಕಾಗೋದ ಪಾನಗೃಹಗಳಲ್ಲಿ ಕಪ್ಪು ವಿದ್ವಾಂಸರು ತನಗೆ ತೋರಿದ ಔದಾರ್ಯವನ್ನು ಅವನು ಈ ರೀತಿಯಾಗಿ ಮುಂದಕ್ಕೆ ಸಾಗಿಸಿದನೆನ್ನಬೇಕು.

ಸಪ್ಟೆಂಬರು 28ರ ರಾತ್ರಿ ಅದೇ ಹುಡುಗನು ಬ್ಲೂಮ್‌ಫೀಲ್ಡನ ಜಾಗದಲ್ಲಿ ನಿಂತನು. ಬಾರಿಸಿದುದು ‘ಸನ್ನಿ ಬಾಯ್ ವಿಲಿಯಮ್ಸನ್’ ಎಂಬ ಹಾಡು. ಮೌತ್ ಆರ್ಗನ್ನಿನಿಂದ ಬ್ಲೂಸ್ ಲೋಕದಲ್ಲಿ ಖ್ಯಾತವಾದ ಹೆಸರನ್ನು ಹೊತ್ತು, ಜ್ಯಾಕ್ ಬ್ರೂಸ್ ಮತ್ತು ಪಾಲ್ ಜೋನ್ಸ್ ಎಂಬ ಇಬ್ಬರು ಬ್ರಿಟಿಷರು ಬರೆದುದು. ಬ್ರಿಟಿಷರ ರಚನೆ, ಬ್ರೂಕ್‌ಲಿನ್ನಿನ ಯಹೂದಿಯ ಆರ್ಗನ್ನು, ಮೆಕ್ಸಿಕೋದ ತರುಣನ ಗಿಟಾರು, ಕೆನಡಾದವನ ತಾಳ, ಇವೆಲ್ಲಕ್ಕೂ ವಿಷಯವಾದುದು ಒಂದು ಕಪ್ಪು ವಾದಕನ ಹೆಸರು! ಕಾರ್ಲೋಸ್ ಸಾಂಟಾನಾನ ವಾದನವು ತಟ್ಟೆಯ ಮೂಲಕ ಲೋಕಕ್ಕೆ ತಲಪಿದುದು ಇದೇ ಮೊದಲು. ಹನ್ನೊಂದು ತಿಂಗಳಾಗುವುದರೊಳಗಾಗಿ, 1969ರ ಆಗಸ್ಟಿನಲ್ಲಿ, ವುಡ್‌ಸ್ಟಾಕಿನ ಮಹಾಸಭೆಯಲ್ಲಿ ಲಕ್ಷಾಂತರ ಜನರ ಎದುರಿಗೆ ಅವನು ತನ್ನ ತಂಡದೊಡನೆ ಬಾರಿಸಿ ಪ್ರಖ್ಯಾತನಾದನು.

ತಟ್ಟೆಯ ಹೊದಿಕೆಯ ಕಥೆಯೂ ಸ್ವಾರಸ್ಯವಾದುದು. ನಾರ್ಮನ್ ರಾಕ್‌ವೆಲ್ ಎಂಬ ಚಿತ್ರಕಾರನು 1916ರಿಂದ 1963ರ ವರೆಗೆ ‘ಸ್ಯಾಟರ್ಡೇ ಈವಿನಿಂಗ್ ಪೋಸ್ಟ್’ ಪತ್ರಿಕೆಗೆ ಮುಖಚಿತ್ರಗಳನ್ನು ಬರೆದು, ಅಮೆರಿಕಾದ ಗೃಹಸ್ಥರ ಸುಖದುಃಖಗಳಿಗೆ ರೂಪ ಕೊಟ್ಟವನು. ಎಪ್ಪತ್ತನಾಲ್ಕು ವರ್ಷದ ಆ ವೃದ್ಧನಿಂದ ಈ ಕೆದರಿದ ತಲೆಯ ಇಬ್ಬರ ಭಾವಚಿತ್ರವನ್ನು ಬರೆಯಿಸಿದರು. ಅವನು ಅವರನ್ನು ಅಣಕಿಸಲೂ ಇಲ್ಲ, ಅಲಂಕರಿಸಲೂ ಇಲ್ಲ. ಯಾವ ಊರಿನ ಯಾವ ಗೃಹಸ್ಥನನ್ನು ಬರೆಯುತ್ತಿದ್ದನೋ ಅದೇ ಶ್ರದ್ಧೆಯಿಂದ ಬರೆದನು. ತಟ್ಟೆಯು ಮಾರಾಟದ ಪಟ್ಟಿಯಲ್ಲಿ 18ನೆಯ ಸ್ಥಾನದವರೆಗೆ ಏರಿತು.

ಹೆಸರುವಾಸಿಗಳು ಅಭ್ಯಾಸವಿಲ್ಲದೆ ಕೂಡಿ ಬಾರಿಸಿ ತಟ್ಟೆ ಮಾಡುವ ಚಾಳಿಯು ಆಮೇಲೆ ಬಹುವಾಗಿ ಹಬ್ಬಿತು. ಅವುಗಳಲ್ಲಿ ಹೆಚ್ಚಿನವು ಬೇಸರ ತರುವಂಥವು. ಅದಕ್ಕೆ ಈ ಇಬ್ಬರನ್ನು ಹೊಣೆ ಮಾಡುವವರುಂಟು. ಬ್ಲೂಮ್‌ಫೀಲ್ಡನೇ ಇದನ್ನು ಹಣ ಸಂಪಾದನೆಯ ಹೂಟವೆಂದು ಹಳಿಯುತ್ತಿದ್ದನು. ಆದರೂ 1968ರ ಡಿಸೆಂಬರು 13ರಂದು ಇಬ್ಬರೂ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಮಂದಿರದಲ್ಲಿ ಮತ್ತೊಮ್ಮೆ ಕೂಡಿದರು. ಅಂದು ಬ್ಲೂಮ್‌ಫೀಲ್ಡನು ಆರೋಗ್ಯವಾಗಿಯೇ ಇದ್ದನು; ಅತಿಥಿಯ ಆವಶ್ಯಕತೆಯಿರಲಿಲ್ಲ. ಆದರೂ ಟೆಕ್ಸಾಸಿನಿಂದ ಬಂದ, ಬೆಳ್ಳಗಿನ ಕೂದಲಿನ, ಯಾರೂ ಕೇಳರಿಯದ ಜಾನಿ ವಿಂಟರ್ ಎಂಬವನನ್ನು ಅವನು ತಾನೇ ಸಭೆಗೆ ಪರಿಚಯ ಮಾಡಿಕೊಟ್ಟು, ಪಕ್ಕದಲ್ಲಿ ನಿಂತು ಬಾರಿಸಲು ಬಿಟ್ಟನು. ವಿಂಟರನು ಬಿ. ಬಿ. ಕಿಂಗನ ‘ಇಟ್ಸ್ ಮೈ ಓನ್ ಫಾಲ್ಟ್’ ಎಂಬ ಬ್ಲೂಸನ್ನು ಹಾಡಿದನು. ಕೊಲಂಬಿಯಾ ಕಂಪೆನಿಯವರು ಅಲ್ಲಿದ್ದರು. ಕೆಲವು ವಾರಗಳಲ್ಲಿಯೇ ವಿಂಟರನಿಗೆ ಆ ಕಾಲಕ್ಕೆ ಯಾರೂ ಕಂಡು ಕೇಳದಷ್ಟು ದೊಡ್ಡ ಮುಂಗಡವನ್ನು ಕೊಟ್ಟು ಒಪ್ಪಂದ ಮಾಡಿಕೊಂಡರು.

ಬ್ಲೂಮ್‌ಫೀಲ್ಡನಾದರೋ ಕ್ರಮಕ್ರಮವಾಗಿ ಸಭೆಗಳಿಂದ ಹಿಂದೆ ಸರಿದನು. ಹೆರಾಯಿನ್ ಎಂಬ ಮಾದಕದ್ರವ್ಯವು ಅವನನ್ನು ಹಿಡಿಯಿತು. ಕೆಲವು ಕಾಲ ಗಿಟಾರನ್ನು ಮುಟ್ಟುವುದೇ ಅಪರೂಪವಾಯಿತು. 1976ರಲ್ಲಿ, ಗಿಟಾರು ಕಲಿಯುವವರಿಗಾಗಿ, ಬ್ಲೂಸಿನ ಬೇರೆ ಬೇರೆ ಸಂಪ್ರದಾಯಗಳನ್ನು ಒಂದೊಂದಾಗಿ ಬಾರಿಸಿ, ಯಾವುದು ಯಾರ ಶೈಲಿಯೆಂದು ಹೇಳಿಕೊಡುವ ಒಂದು ತಟ್ಟೆಯನ್ನು ಮಾಡಿದನು. ದೊಡ್ಡ ಕಂಪೆನಿಯದಲ್ಲ, ದೊಡ್ಡ ಮಾರಾಟವೂ ಆಗಲಿಲ್ಲ. ಆದರೆ ಫಿಲ್‌ಮೋರಿನ ಆರ್ಭಟಕ್ಕಿಂತ ಇದು ಅವನ ಸ್ವಭಾವಕ್ಕೆ ಹತ್ತಿರವಾಗಿತ್ತೆಂದು ಹೇಳಬಹುದು. 1980ರ ನವೆಂಬರು 15ರಂದು ಬಾಬ್ ಡಿಲನ್ನನು ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ಮಂದಿರದಲ್ಲಿ ಅವನನ್ನು ವೇದಿಕೆಗೆ ಕರೆದು, ಸಭೆಗೆ ಅವನ ಗುಣಗಾನ ಮಾಡಿ, ಹದಿನೈದು ವರ್ಷದ ಹಿಂದಿನ ‘ಲೈಕ್ ಎ ರೋಲಿಂಗ್ ಸ್ಟೋನ್’ ಅನ್ನು ಅವನಿಂದ ಮತ್ತೊಮ್ಮೆ ಬಾರಿಸಿದನು. ಮೂರು ತಿಂಗಳ ಮೇಲೆ, 1981ರ ಫೆಬ್ರವರಿ 15ರಂದು, ಅದೇ ಊರಿನ ಒಂದು ಬೀದಿಯಲ್ಲಿ ನಿಂತಿದ್ದ ತನ್ನ ಕಾರಿನೊಳಗೆ ಬ್ಲೂಮ್‌ಫೀಲ್ಡನು ಸತ್ತುಬಿದ್ದುದನ್ನು ಜನ ಕಂಡರು. ಮಾದಕದ್ರವ್ಯದ ಅತಿಸೇವನೆಯೇ ಕಾರಣವಾಗಿತ್ತು. ಅವನಿಗೆ ಮೂವತ್ತೇಳು ವರ್ಷ ವಯಸ್ಸಾಗಿತ್ತು.

ಫಿಲ್‌ಮೋರ್ ಈಸ್ಟಿನ ಆ ರಾತ್ರಿಯ ಮುದ್ರಣದ ಸುರುಳಿಗಳು ಹಲವು ದಶಕಗಳ ಕಾಲ ಕಣ್ಮರೆಯಾಗಿದ್ದವು. ಅವು ಸಿಕ್ಕಿದ ಮೇಲೆ ಕೂಪರನು ಕುಳಿತು ಅವುಗಳನ್ನು ಸರಿಪಡಿಸಿ 2003ರಲ್ಲಿ ಹೊರತಂದನು. ಜಾನಿ ವಿಂಟರ್ ಎಂಬ ಹೊಸ ಹುಡುಗನನ್ನು ಸಭೆಗೆ ಪರಿಚಯಿಸುತ್ತಿರುವ ಬ್ಲೂಮ್‌ಫೀಲ್ಡನ ಉತ್ಸಾಹದ ಮಾತು ಅದರಲ್ಲಿ ಕೇಳಬರುತ್ತದೆ.